ಗದ್ದಲ ಗೆದ್ದಾಗ ಸೋಲುವುದು ಪ್ರಶ್ನೆ

2025ರ ಮಾರ್ಚ್ 21, ಶುಕ್ರವಾರ. ವಿಧಾನಸಭೆಯ ಬಜೆಟ್ ಅಧಿವೇಶನದ ಕೊನೆಯ ದಿನ. ಬಿಜೆಪಿ ಶಾಸಕರು ಸ್ಪೀಕರ್ ಪೀಠದ ಬಳಿ ಏರಿ ಹೋದರು, ಕಾಗದ ಹರಿದು ಯು.ಟಿ. ಖಾದರ್ ಅವರತ್ತ ಎಸೆದರು. 18 ಮಂದಿಯನ್ನು ಆರು ತಿಂಗಳ ಮಟ್ಟಿಗೆ ಅಮಾನತು ಮಾಡಲಾಯಿತು. ಹೊರಗೆ ಹೋಗಲು ಒಪ್ಪದವರನ್ನು ಮಾರ್ಷಲ್‌ಗಳು ಎತ್ತಿಕೊಂಡು ಹೋದರು. ಆ ವಿಡಿಯೊವನ್ನು ನೀವೂ ನೋಡಿರ್ತೀರಿ. ಹಾಡು ಸೇರಿಸಿದ್ದು, ಮೀಮ್ ಮಾಡಿದ್ದು, ಸ್ಲೋ ಮೋಷನ್‌ನಲ್ಲಿ ಇಳಿಸಿದ್ದು, ಎಲ್ಲಾ ಬಗೆಯದ್ದೂ ಬಂತು.

ಆದರೆ ಅದೇ ದಿನ, ಅದೇ ಸದನದಲ್ಲಿ ಇನ್ನೊಂದು ಕೆಲಸವೂ ಆಯ್ತು. ಮುಖ್ಯಮಂತ್ರಿಯ ಸಂಬಳ 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ, ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆಗಳು ಗದ್ದಲದ ನಡುವೆಯೇ ಚರ್ಚೆಯಿಲ್ಲದೆ ಪಾಸಾದವು. ಸರ್ಕಾರಿ ಗುತ್ತಿಗೆಗಳಲ್ಲಿ ಮುಸ್ಲಿಮರಿಗೆ ಶೇ. 4 ಮೀಸಲಾತಿ ಕೊಡುವ ಮಸೂದೆಯೂ ಹಾಗೆಯೇ ಪಾಸಾಯಿತು. ಅದರ ಪರ ಇರುವವರಿಗೂ ವಿರೋಧ ಇರುವವರಿಗೂ ಹೇಳುವುದಕ್ಕೆ ಸಾಕಷ್ಟು ಇತ್ತು. ಹೇಳಲು ಜಾಗವೇ ಉಳಿಯಲಿಲ್ಲ.

ಇನ್ನು ವಿರೋಧ ಪಕ್ಷ ಅಂದು ಎತ್ತಿದ್ದ ಪ್ರಶ್ನೆ ಏನು? ರಾಜಕಾರಣಿಗಳನ್ನು ಹನಿಟ್ರ್ಯಾಪ್‌ನಲ್ಲಿ ಸಿಲುಕಿಸುವ ಯತ್ನ ನಡೆದಿದೆ ಅಂತ ಹಿಂದಿನ ದಿನ ಸಚಿವ ಕೆ.ಎನ್. ರಾಜಣ್ಣ ಅವರೇ ಸದನದಲ್ಲಿ ಹೇಳಿದ್ದರು. ಅದರ ಬಗ್ಗೆ ನ್ಯಾಯಾಂಗ ತನಿಖೆ ಆಗಲಿ ಅನ್ನುವುದು ಬೇಡಿಕೆ. ಸರ್ಕಾರಕ್ಕೆ ಮುಜುಗರ ತರುವ, ಬೆನ್ನು ಹತ್ತಿ ಕೇಳಬೇಕಾದ ಪ್ರಶ್ನೆಯೇ ಅದು. ಕಾಗದ ಹಾರಿದ ಮೇಲೆ ಏನಾಯ್ತು? ಮಾರನೇ ದಿನದಿಂದ ನಾವೆಲ್ಲಾ ಮಾತಾಡಿದ್ದು ಅಮಾನತು ಸರಿಯೋ ತಪ್ಪೋ ಅನ್ನುವುದರ ಬಗ್ಗೆ. ಮೇ ತಿಂಗಳಲ್ಲಿ ಅಮಾನತು ವಾಪಸಾಯಿತು. ಆದರೆ ಆ ದಿನ ನಡೆಯಬೇಕಿದ್ದ ಚರ್ಚೆ ವಾಪಸ್ ಬರಲಿಲ್ಲ.

ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೇ. ರಾಜಕೀಯ ಚರ್ಚೆಯಲ್ಲಿ ಸಭ್ಯತೆ ಬೇಕು ಅಂತ ನಾನು ವಾದಿಸುವುದು ಯಾರ ಮನಸ್ಸಿಗೂ ನೋವಾಗಬಾರದು ಎಂಬ ಕಾರಣಕ್ಕಲ್ಲ. ಅಸಭ್ಯತೆಯ ಮೊದಲ ಬಲಿ ಪ್ರಶ್ನೆ. ಪ್ರಶ್ನೆ ಸತ್ತರೆ ಲಾಭ ಯಾವಾಗಲೂ ಉತ್ತರ ಕೊಡಬೇಕಾದವರಿಗೇ. ಅಂದರೆ ಅಧಿಕಾರದಲ್ಲಿ ಇರುವವರಿಗೆ.

ಇದು ಒಂದು ಪಕ್ಷದ ಕಾಯಿಲೆ ಅಲ್ಲ

‘ಅವರು ಮಾಡಿದಾಗ ಎಲ್ಲಿ ಹೋಗಿದ್ರಿ?’ ಅಂತ ಕೇಳುವವರಿಗೆ ಮೊದಲೇ ಲೆಕ್ಕ ಒಪ್ಪಿಸಿಬಿಡ್ತೀನಿ.

2020ರ ಡಿಸೆಂಬರ್ 15ರಂದು ವಿಧಾನ ಪರಿಷತ್ತಿನಲ್ಲಿ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಪೀಠದಿಂದ ಎಳೆದು ಕೆಳಗಿಳಿಸಿದ್ದು ಕಾಂಗ್ರೆಸ್ ಸದಸ್ಯರು. ಆಗ ಸರ್ಕಾರ ಬಿಜೆಪಿಯದ್ದು. 2023ರ ಜುಲೈನಲ್ಲಿ ಉಪಸಭಾಧ್ಯಕ್ಷ ರುದ್ರಪ್ಪ ಲಮಾಣಿ ಅವರ ಮೇಲೆ ಕಾಗದ ಎಸೆದು ಅಮಾನತಾದ ಹತ್ತು ಮಂದಿ ಬಿಜೆಪಿಯವರು. ಆಗ ಸರ್ಕಾರ ಕಾಂಗ್ರೆಸ್ಸಿನದ್ದು. ಕುರ್ಚಿ ಅದಲು ಬದಲಾದ ಹಾಗೆ ಪಾತ್ರವೂ ಅದಲು ಬದಲಾಗುತ್ತೆ. ನಾಟಕ ಮಾತ್ರ ಒಂದೇ.

2021ರ ಡಿಸೆಂಬರ್ 16ರದ್ದು ಇನ್ನೂ ಕೆಟ್ಟದು. ಬೆಳಗಾವಿಯ ಸುವರ್ಣ ಸೌಧದಲ್ಲಿ ಮಳೆ, ಪ್ರವಾಹದಿಂದ ಆದ ಹಾನಿಯ ಚರ್ಚೆ ಇತ್ತು. ಮಾತಾಡಲು ಸಮಯ ಕೊಡಿ ಅಂತ ಸದಸ್ಯರು ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಅವರನ್ನು ಒತ್ತಾಯಿಸುತ್ತಿದ್ದರು. ಆ ಗೊಂದಲದ ನಡುವೆ ಕಾಂಗ್ರೆಸ್ಸಿನ ಹಿರಿಯ ಸದಸ್ಯ, ಸ್ವತಃ ಮಾಜಿ ಸ್ಪೀಕರ್ ಆಗಿದ್ದ ಕೆ.ಆರ್. ರಮೇಶ್ ಕುಮಾರ್ ಅತ್ಯಾಚಾರವನ್ನು ಹೋಲಿಕೆಯಾಗಿ ತಂದು ಒಂದು ‘ಹಾಸ್ಯ’ ಮಾಡಿದರು. ಪೀಠ ನಕ್ಕಿತು, ಸದನವೂ ನಕ್ಕಿತು. ಮಾರನೇ ದಿನ ರಮೇಶ್ ಕುಮಾರ್ ಕ್ಷಮೆ ಕೇಳಿದರು. ಅಲ್ಲಿಗೆ ಮಾಧ್ಯಮದ ಮಟ್ಟಿಗೆ ಅದು ಮುಗಿದ ಕಥೆ. ಆದರೆ ಬೆಳೆ ಕಳಕೊಂಡ ರೈತನ ಪರಿಹಾರದ ಬಗ್ಗೆ ಆ ದಿನ ಸದನದಲ್ಲಿ ಯಾರು ಏನು ಹೇಳಿದರು? ಒಬ್ಬರಿಗಾದರೂ ನೆನಪಿದೆಯಾ? ಇಲ್ಲ. ಆ ನಗು ಹೆಣ್ಣುಮಕ್ಕಳಿಗೆ ಅವಮಾನ ಮಾಡಿತು, ಜೊತೆಗೆ ರೈತನ ವಿಷಯವನ್ನೂ ನುಂಗಿಹಾಕಿತು.

2024ರ ಡಿಸೆಂಬರ್ 19. ಮತ್ತೆ ಬೆಳಗಾವಿ, ಈ ಸಲ ಪರಿಷತ್ತು. ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್ ಅವರ ವಿರುದ್ಧ ಬಿಜೆಪಿಯ ಸಿ.ಟಿ. ರವಿ ಅಶ್ಲೀಲ ಪದ ಬಳಸಿದರು ಎಂಬ ಆರೋಪ. ರವಿ ಅದನ್ನು ನಿರಾಕರಿಸಿದ್ದಾರೆ. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿದ ಕಾರಣ ಯಾರು ಏನಂದರು ಅನ್ನುವುದರ ತೀರ್ಪು ನನ್ನದಲ್ಲ. ನನಗೆ ಬೇಕಾದ ಸಂಗತಿ ಬೇರೆ. ಬೆಳಗಾವಿಯಲ್ಲಿ ಅಧಿವೇಶನ ಕರೆಯುವುದೇ ಉತ್ತರ ಕರ್ನಾಟಕದ ನೀರಾವರಿ, ರಸ್ತೆ, ಶಾಲೆ, ವಲಸೆಯ ಬಗ್ಗೆ ಮಾತಾಡೋಕೆ. ಆ ವರ್ಷದ ಅಧಿವೇಶನ ಅಂದ ತಕ್ಷಣ ನಮಗೆ ನೆನಪಾಗುವುದು ಒಂದು ಪದ, ಒಂದು ಬಂಧನ, ರಾತ್ರಿಯಿಡೀ ಪೊಲೀಸ್ ಜೀಪಿನ ಓಡಾಟ. ಕಲಬುರಗಿಯ ತೊಗರಿ ಬೆಳೆಗಾರನೂ ರಾಯಚೂರಿನ ಗುಳೆ ಕಾರ್ಮಿಕನೂ ಆ ಕಥೆಯಲ್ಲಿ ಎಲ್ಲೂ ಇಲ್ಲ.

ಇನ್ನೊಂದು ವಿಪರ್ಯಾಸವನ್ನೂ ಸೇರಿಸಿಕೊಳ್ಳಿ. 2025ರ ಡಿಸೆಂಬರ್‌ನಲ್ಲಿ ಇದೇ ಬೆಳಗಾವಿಯಲ್ಲಿ ದ್ವೇಷ ಭಾಷಣ ತಡೆಯುವ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ಯಾವುದು ದ್ವೇಷ, ಯಾವುದು ಟೀಕೆ, ಆ ಗೆರೆ ಎಳೆಯುವವರು ಯಾರು ಅನ್ನುವುದು ನಮ್ಮ ತಲೆಮಾರಿನ ಅತಿ ಮುಖ್ಯ ಪ್ರಶ್ನೆಗಳಲ್ಲಿ ಒಂದು. ಮಾತಿನ ಮಿತಿಯನ್ನು ನಿಗದಿ ಮಾಡುವ ಆ ಮಸೂದೆ ಕೂಡ ಪಾಸಾಗಿದ್ದು ಗದ್ದಲದಲ್ಲೇ.

ಏಕವಚನ ಬಿಟ್ಟರೆ ಸಭ್ಯತೆ ಬಂತಾ?

ಹಾಗಾದರೆ ಸಭ್ಯತೆ ಅಂದರೇನು? ಕನ್ನಡದಲ್ಲಿ ಈ ಪ್ರಶ್ನೆ ಬಂದ ಕೂಡಲೇ ಎಲ್ಲರ ಬೆರಳು ಹೋಗುವುದು ಏಕವಚನದ ಕಡೆಗೆ. ‘ಏಕವಚನದಲ್ಲೇ ವಾಗ್ದಾಳಿ’ ಅನ್ನುವುದು ನಮ್ಮ ಟಿವಿಗಳ ಅಚ್ಚುಮೆಚ್ಚಿನ ಸಾಲು. 2024ರ ಜನವರಿಯಲ್ಲಿ ಆಗಿನ ಸಂಸದ ಅನಂತಕುಮಾರ್ ಹೆಗಡೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರನ್ನು ಏಕವಚನದಲ್ಲಿ ಕರೆದಾಗ ದೊಡ್ಡ ರಾದ್ಧಾಂತ ಆಯ್ತು. ಸಿದ್ದರಾಮಯ್ಯ ಅವರೂ ಎದುರಿಗಿರುವವರನ್ನು ಏಕವಚನದಲ್ಲಿ ಮಾತಾಡಿಸ್ತಾರೆ, ಅವರ ಮೇಲೆ ಮಾತ್ರ ಯಾಕೆ ಸುಮ್ಮನಿದ್ದೀರಿ ಅನ್ನುವ ವಾದವನ್ನು ನಾವು ಬಹಳ ಸಲ ಕೇಳಿದ್ದೇವೆ.

ನನಗನ್ನಿಸುವ ಹಾಗೆ ನಮ್ಮ ಏಕವಚನ ಅಷ್ಟು ಸುಲಭಕ್ಕೆ ಬಗ್ಗುವಂಥದ್ದಲ್ಲ. ಅವ್ವನಿಗೆ ಏಕವಚನ, ದೇವರಿಗೆ ಏಕವಚನ, ಜೀವದ ಗೆಳೆಯನಿಗೆ ಏಕವಚನ. ಮಂಡ್ಯದ ಕಡೆ ಸಂತೆಯಲ್ಲಿ ‘ಏನ್ಲಾ’ ಅಂದರೆ ಅದು ಬೈಗುಳವಲ್ಲ, ಸಲುಗೆ. ಅದೇ ಏಕವಚನ ಇನ್ನೊಂದು ಕಡೆ ಚಾಟಿಯೂ ಹೌದು. ಎಪ್ಪತ್ತು ದಾಟಿದ ದಲಿತ ಕೂಲಿಯಾಳನ್ನು ಜಮೀನುದಾರನ ಮನೆಯ ಹತ್ತು ವರ್ಷದ ಹುಡುಗ ‘ಬಾರೋ’ ಅಂತ ಕರೆಯುವುದನ್ನೂ, ಆ ಮುದುಕ ಹುಡುಗನಿಗೆ ‘ಬುದ್ಧಿ’ ಅನ್ನುವುದನ್ನೂ ನಮ್ಮ ಊರುಗಳು ನೋಡಿವೆ. ಅಲ್ಲಿ ಜಾತಿ ಕೂತಿರುವುದು ವ್ಯಾಕರಣದ ಒಳಗೇ. ಮುಖ್ಯಮಂತ್ರಿಗೆ ಏಕವಚನ ಬಳಸಿದಾಗ ಬೆಂಕಿ ಆಗುವ ನಾವು ಪೌರಕಾರ್ಮಿಕರಿಗೆ, ಹೋಟೆಲ್ ಮಾಣಿಗೆ, ಆಟೊ ಚಾಲಕರಿಗೆ ಯಾವ ವಚನ ಬಳಸ್ತೀವಿ ಅಂತ ಒಮ್ಮೆ ಗಮನಿಸಿ. ಮರ್ಯಾದೆ ಮೇಲಕ್ಕೆ ಮಾತ್ರ ಹರಿಯುವುದಾದರೆ ಅದು ಸಭ್ಯತೆ ಅಲ್ಲ, ಗುಲಾಮಗಿರಿ.

ಇನ್ನೊಂದು ತುದಿಯೂ ಇದೆ. ‘ಮಾನ್ಯ ಸದಸ್ಯರೇ’, ‘ತಾವು’, ‘ದಯವಿಟ್ಟು’ ಅಂತಲೇ ಶುರು ಮಾಡಿ ಒಂದು ಇಡೀ ಸಮುದಾಯವನ್ನು ದೇಶದ್ರೋಹಿ ಅಂದುಬಿಡಬಹುದು. ಬಹುವಚನದಲ್ಲಿ ಪೂರ್ತಿ ನಯವಾಗಿ ಸುಳ್ಳು ಹೇಳಬಹುದು. ಹಾಗಾಗಿ ಪದದ ಮೆರುಗನ್ನು ನೋಡಿ ಸಭ್ಯತೆ ಅಳೆಯೋಕೆ ಆಗಲ್ಲ.

ಸಭ್ಯತೆಯ ಹೆಸರಿನಲ್ಲಿ ಬಾಯಿ ಮುಚ್ಚಿಸುವುದು

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು, ಎತ್ತಲೇಬೇಕು. ‘ಸಭ್ಯವಾಗಿ ಮಾತಾಡಿ’ ಅನ್ನುವ ಬುದ್ಧಿವಾದ ಯಾವಾಗಲೂ ಬರುವುದು ಮೇಲಿನಿಂದ ಕೆಳಕ್ಕೆ. ತುಳಿಸಿಕೊಂಡವನು ಕೂಗಿದರೆ ‘ದನಿ ತಗ್ಗಿಸು’ ಅಂತಾರೆ, ತುಳಿದವನಿಗೆ ‘ಕಾಲು ತೆಗಿ’ ಅನ್ನಲ್ಲ. ಇದು ನೂರಕ್ಕೆ ನೂರು ನಿಜ. ಕರ್ನಾಟಕದಲ್ಲೇ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ ಇದೆ.

1973ರ ನವೆಂಬರ್. ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಮಾತಾಡುತ್ತಾ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ಅದೊಂದು ವಿಮರ್ಶೆ. ಖಾರವಾದ, ಬೇಕಾದರೆ ಅತಿರೇಕದ್ದು ಅನ್ನಿ, ಆದರೂ ವಿಮರ್ಶೆಯೇ. ಈ ಸಾಹಿತ್ಯದಲ್ಲಿ ನನ್ನ ಜನ ಎಲ್ಲಿದ್ದಾರೆ ಅನ್ನುವ ಪ್ರಶ್ನೆ ಅದರ ಹೊಟ್ಟೆಯಲ್ಲಿತ್ತು. ಅದಕ್ಕೆ ಸಿಕ್ಕ ಉತ್ತರ ಏನು? ರಾಜ್ಯದುದ್ದಕ್ಕೂ ಗಲಭೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಕೊನೆಗೆ ಬಸವಲಿಂಗಪ್ಪ ಸಂಪುಟದಿಂದ ಹೊರಬರಬೇಕಾಯಿತು. ‘ತಾಯ್ನುಡಿಗೆ ಅವಮಾನ’ ಅಂತ ಕೂಗಿದವರು ಸಭ್ಯತೆಯ ವಕ್ತಾರರಾದರು, ಪ್ರಶ್ನೆ ಕೇಳಿದವರು ಅಸಭ್ಯರಾದರು. ಅಂದು ಅಸಭ್ಯತೆ ಇದ್ದದ್ದು ಬೂಸಾ ಅನ್ನುವ ಪದದಲ್ಲಿ ಅಲ್ಲ. ಪುಸ್ತಕದ ಬಗೆಗಿನ ಮಾತಿಗೆ ಮನುಷ್ಯರ ಮೈಮೇಲೆ ಉತ್ತರ ಕೊಟ್ಟದ್ದರಲ್ಲಿ. ಆ ಪೆಟ್ಟು ತಿಂದ ತಲೆಮಾರೇ ಮುಂದೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿತು, ಬಂಡಾಯ ಸಾಹಿತ್ಯಕ್ಕೆ ಬಲ ತಂದಿತು.

ಸಂಸತ್ತಿಗೆ ಬನ್ನಿ. 2023ರ ಸೆಪ್ಟೆಂಬರ್ 21ರಂದು, ಚಂದ್ರಯಾನ-3ರ ಯಶಸ್ಸಿನ ಚರ್ಚೆಯ ನಡುವೆ, ಬಿಜೆಪಿ ಸಂಸದ ರಮೇಶ್ ಬಿಧೂರಿ ಲೋಕಸಭೆಯೊಳಗೆ ದಾನಿಶ್ ಅಲಿ ಅವರನ್ನು ಅವರ ಧರ್ಮ ಹಿಡಿದು ಬೈದರು. ಅಚ್ಚು ಹಾಕೋಕೆ ಆಗದ ಮಾತುಗಳು. ಕಡತದಿಂದ ತೆಗೆದರು, ಎಚ್ಚರಿಕೆ ಕೊಟ್ಟರು. ಅಮಾನತು ಮಾಡಲಿಲ್ಲ. ಮೂರು ತಿಂಗಳು ಕಳೆದು, ಡಿಸೆಂಬರ್ 13ರಂದು ಇಬ್ಬರು ಯುವಕರು ಲೋಕಸಭೆಯ ಗ್ಯಾಲರಿಯಿಂದ ಜಿಗಿದು ಬಣ್ಣದ ಹೊಗೆ ಬಿಟ್ಟರು. ಆಗ ಮೈಸೂರಿನ ಸಂಸದರಾಗಿದ್ದವರ ಶಿಫಾರಸಿನಿಂದ ಅವರಿಗೆ ಪಾಸ್ ಸಿಕ್ಕಿತ್ತು ಅನ್ನುವುದು ನಮ್ಮಲ್ಲೂ ಸುದ್ದಿಯಾಯಿತು. ಗೃಹ ಸಚಿವರು ಸದನಕ್ಕೆ ಬಂದು ಹೇಳಿಕೆ ಕೊಡಲಿ ಅಂತ ವಿರೋಧ ಪಕ್ಷಗಳು ಪಟ್ಟು ಹಿಡಿದವು, ಫಲಕ ಹಿಡಿದು ಬಾವಿಗಿಳಿದವು. ‘ಸದನದ ಘನತೆಗೆ ಧಕ್ಕೆ’ ಅಂತ ಎರಡೂ ಸದನ ಸೇರಿ 146 ಸಂಸದರನ್ನು ಅಮಾನತು ಮಾಡಲಾಯಿತು. ಅವರು ಹೊರಗಿದ್ದಾಗಲೇ ಭಾರತೀಯ ನ್ಯಾಯ ಸಂಹಿತೆಯೂ ಸೇರಿದಂತೆ ಮೂರು ಕ್ರಿಮಿನಲ್ ಕಾನೂನುಗಳು ಪಾಸಾದವು. ನಿಮ್ಮ ಮೇಲೆ ಎಫ್‌ಐಆರ್ ಆದರೆ ಅದನ್ನು ಬರೆಯುವುದು ಈಗ ಈ ಕಾನೂನಿನ ಅಡಿಯಲ್ಲೇ.

ಈ ಎರಡನ್ನೂ ಪಕ್ಕಪಕ್ಕ ಇಡಿ. ಮನುಷ್ಯನ ಹುಟ್ಟನ್ನು ಹಿಡಿದು ಬೈದವರು ಒಳಗೆ, ಫಲಕ ಹಿಡಿದು ಪ್ರಶ್ನೆ ಕೇಳಿದವರು ಹೊರಗೆ. ಇದಕ್ಕೆ ಸಭ್ಯತೆ ಅನ್ನುವ ಹೆಸರು ಒಪ್ಪುವುದಿಲ್ಲ, ಶಿಸ್ತು ಅನ್ನಿ ಬೇಕಾದರೆ. ಶಿಸ್ತು ಅಧಿಕಾರ ಇರುವವರು ಹೇರುವಂಥದ್ದು. ಸಭ್ಯತೆ ಎರಡೂ ಕಡೆಯವರು ಪರಸ್ಪರ ಕೊಡುವಂಥದ್ದು. ಬೆಂಗಳೂರಿನಲ್ಲಿ 18 ಮಂದಿಯನ್ನು ಆರು ತಿಂಗಳು ಹೊರಗಿಟ್ಟಾಗಲೂ ನನಗೆ ಇದೇ ಅನುಮಾನ ಬಂತು. ಒಂದು ದಿನದ ಅತಿರೇಕಕ್ಕೆ ಅಷ್ಟೂ ಕ್ಷೇತ್ರಗಳ ಮತದಾರರ ದನಿಯನ್ನು ಅಷ್ಟು ಕಾಲ ಕಸಿಯುವುದು ಯಾವ ನ್ಯಾಯ? ನಮ್ಮ ಇಷ್ಟದ ಪಕ್ಷ ಮಾಡಿದರೆ ಅದು ಶಿಸ್ತು, ಆಗದವರು ಮಾಡಿದರೆ ಸರ್ವಾಧಿಕಾರ ಅನ್ನೋ ಅಳತೆಗೋಲು ನನ್ನ ಬಳಿ ಇಲ್ಲ.

ಖಾರ ಇರಲಿ, ವಿಷ ಬೇಡ

ಹಾಗಾದರೆ ಸಿಟ್ಟಿಗೂ ಅಸಭ್ಯತೆಗೂ ನಡುವಿನ ಗೆರೆ ಎಲ್ಲಿ? ನನಗೆ ಇದಕ್ಕೆ ಹಳೆಯದೊಂದು ಸದನವೇ ಒಳ್ಳೆಯ ಪಾಠ.

ಸಂವಿಧಾನ ಸಭೆ ವಯಸ್ಕ ಮತದಾನದಿಂದ ಆರಿಸಿ ಬಂದದ್ದಲ್ಲ. ಅಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಅದನ್ನು ಸ್ವರ್ಣಯುಗ ಅಂತ ಹೊಗಳುವ ಉದ್ದೇಶ ನನಗಿಲ್ಲ. ಆದರೆ ಅಲ್ಲಿ ಜಗಳ ಹೇಗೆ ನಡೀತು ಅನ್ನುವುದನ್ನು ನೋಡಿ. ಕರಡಿಗೆ ಸುಮಾರು 7,635 ತಿದ್ದುಪಡಿಗಳ ಸೂಚನೆ ಬಂತು, ಅವುಗಳಲ್ಲಿ 2,473 ಸದನದಲ್ಲಿ ಮಂಡನೆಯಾದವು. ಅಂದರೆ ಸಾವಿರಾರು ಸಲ ಒಬ್ಬರಲ್ಲ ಒಬ್ಬರು ಎದ್ದು ನಿಂತು ‘ಇಲ್ಲ, ನೀವು ಬರೆದದ್ದು ಸರಿಯಿಲ್ಲ’ ಅಂದರು.

ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅಂಥವರಲ್ಲಿ ಮುಂಚೂಣಿಯವರು. 1949ರ ಅಕ್ಟೋಬರ್ 17ರಂದು ಅವರು ಸಂವಿಧಾನದ ಪೀಠಿಕೆ ದೇವರ ಹೆಸರಿನಿಂದ ಶುರುವಾಗಲಿ ಅಂತ ತಿದ್ದುಪಡಿ ತಂದರು. ಈಗ ಇಂಥದ್ದೊಂದು ವಿಷಯ ಟಿವಿ ಸ್ಟುಡಿಯೊಗೆ ಬಂದಿದ್ದರೆ ಏನಾಗ್ತಿತ್ತು ಅಂತ ಊಹಿಸಿಕೊಳ್ಳಿ. ಅಲ್ಲಿ ಆದದ್ದು ಇಷ್ಟು. ಹೃದಯನಾಥ ಕುಂಜ್ರು ವಿರೋಧಿಸಿದರು, ಇನ್ನೂ ಕೆಲವರು ಮಾತಾಡಿದರು, ಮತಕ್ಕೆ ಹಾಕಿದರು. ಪರ 41, ವಿರೋಧ 68. ತಿದ್ದುಪಡಿ ಬಿದ್ದುಹೋಯಿತು. ಸೋತ ಕಾಮತ್ ಇದೊಂದು ಕರಾಳ ದಿನ ಅಂತ ಸಿಟ್ಟನ್ನು ಬಚ್ಚಿಡದೇ ಹೇಳಿ ಕೂತರು. ಪೀಠಿಕೆ ‘ಭಾರತದ ಜನರಾದ ನಾವು’ ಎಂದೇ ಉಳಿಯಿತು.

ಒಂದು ತಿಂಗಳು ಕಳೆದ ಮೇಲೆ, ನವೆಂಬರ್ 25ರಂದು ಅಂಬೇಡ್ಕರ್ ಕೊನೆಯ ಭಾಷಣ ಮಾಡಿದರು. ನಝೀರುದ್ದೀನ್ ಅಹ್ಮದ್ ಎಂಬ ಸದಸ್ಯರು ಅವರ ‘ಡ್ರಾಫ್ಟಿಂಗ್ ಕಮಿಟಿ’ಯನ್ನು ‘ಡ್ರಿಫ್ಟಿಂಗ್ ಕಮಿಟಿ’ ಅಂತ, ಅಂದರೆ ಗೊತ್ತುಗುರಿಯಿಲ್ಲದೆ ತೇಲುತ್ತಿರುವ ಸಮಿತಿ ಅಂತ ಗೇಲಿ ಮಾಡಿದ್ದರು. ಅಂಬೇಡ್ಕರ್ ಆ ಗೇಲಿಯನ್ನು ತಾವೇ ನೆನಪಿಸಿಕೊಂಡು, ಮೀನು ಎಲ್ಲಿದೆ ಅಂತ ಗೊತ್ತಿರುವ ಬೆಸ್ತ ಗಾಳ ಹಾಕಿದ ಹಾಗೆ ನಾವು ತೇಲಿದೆವು ಅನ್ನುವ ಅರ್ಥದಲ್ಲಿ ಚುರುಕಾಗಿ ತಿರುಗೇಟು ಕೊಟ್ಟರು. ಅದಾದ ಮೇಲೆ ಕಾಮತ್, ಕೆ.ಟಿ. ಶಾ, ಕುಂಜ್ರು ಮೊದಲಾದ ಬಂಡಾಯಗಾರರನ್ನು ಹೆಸರು ಹಿಡಿದು ಕರೆದರು. ಎಲ್ಲರೂ ಪಕ್ಷದ ಶಿಸ್ತಿಗೆ ತಲೆಬಾಗಿದ್ದರೆ ಈ ಸಭೆ ಸಪ್ಪೆಯಾಗಿರುತ್ತಿತ್ತು, ನಾನು ಅವರ ಸಲಹೆಗಳನ್ನು ಒಪ್ಪಲಿಲ್ಲ ಅಂದ ಮಾತ್ರಕ್ಕೆ ಅವುಗಳ ಬೆಲೆ ಕಡಿಮೆಯಾಗೋದಿಲ್ಲ ಎಂದರು.

ಸಭ್ಯತೆ ಅಂದರೆ ನನ್ನ ಪ್ರಕಾರ ಇದೇ. ಇಲ್ಲಿ ಗೇಲಿ ಇದೆ, ಸಿಟ್ಟಿದೆ, ಸೋಲು ಗೆಲುವಿದೆ. ಯಾರೂ ಮೆತ್ತಗಾಗಿಲ್ಲ. ಆದರೆ ಪೆಟ್ಟು ಬಿದ್ದದ್ದು ಕರಡಿನ ಮೇಲೆ, ವಾದದ ಮೇಲೆ, ಕೆಲಸದ ಮೇಲೆ. ಯಾರ ಜಾತಿ, ಮೈ, ಮನೆಯ ಹೆಂಗಸರ ಮೇಲೂ ಅಲ್ಲ. ಇದೇ ಅಂಬೇಡ್ಕರ್ 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಮನುಸ್ಮೃತಿಯನ್ನು ಸುಟ್ಟವರು. ಅದಕ್ಕಿಂತ ಖಾರವಾದ ರಾಜಕೀಯ ಹೇಳಿಕೆ ಯಾವುದಿದೆ? ಆದರೆ ಸುಟ್ಟಿದ್ದು ಪುಸ್ತಕವನ್ನು, ಮನೆಗಳನ್ನಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಕೆರೆಯ ನೀರು ಮುಟ್ಟಿದ್ದಕ್ಕೆ ತಮ್ಮ ಜನರ ಮೇಲೆ ಹಲ್ಲೆ ಆದಾಗಲೂ ಅವರು ತಿರುಗಿ ಹೊಡೆಯದಂತೆ ಜನರನ್ನು ತಡೆದರು. ಪ್ರತಿಭಟನೆಗೂ ಸಭ್ಯತೆಗೂ ವಿರೋಧ ಇಲ್ಲ ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಗಾದೆ ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತೆ. ಪ್ರಜಾಪ್ರಭುತ್ವದಲ್ಲಿ ನಾನು ಇದನ್ನು ಸ್ವಲ್ಪ ತಿದ್ದಿ ಓದ್ತೀನಿ: ಮಾತು ಬಲ್ಲವನು ಜಗಳ ಆಡಬೇಕು, ಆದರೆ ಕೇಳಿದ ಪ್ರಶ್ನೆಯ ಕೈ ಬಿಡಬಾರದು.

ನಮ್ಮ ಬೈಗುಳದಲ್ಲಿ ಯಾರಿದ್ದಾರೆ?

ಅಧಿಕಾರಿ ಕೆಲಸ ಮಾಡಲಿಲ್ಲ ಅಂದರೆ ಅವನಿಗೆ ಬಳೆ, ಅರಿಶಿನ, ಕುಂಕುಮ, ಸೀರೆ ಕೊಡುವ ಪ್ರತಿಭಟನೆ ನಮ್ಮಲ್ಲಿ ಬಹಳ ಹಳೆಯದು. ಎಲ್ಲಾ ಪಕ್ಷದವರೂ ಮಾಡ್ತಾರೆ, ಪ್ರಗತಿಪರ ಸಂಘಟನೆಗಳೂ ಮಾಡಿವೆ. ಇದರ ಅರ್ಥ ಏನು? ಕೈಲಾಗದವನು ಹೆಂಗಸು ಅಂತ. ಆ ಪ್ರತಿಭಟನೆಯಲ್ಲಿ ಬಳೆ ತೊಟ್ಟ ಹೆಣ್ಣುಮಕ್ಕಳೇ ಮುಂದಿನ ಸಾಲಿನಲ್ಲಿ ನಿಂತಿರ್ತಾರೆ ಅನ್ನುವುದು ಇನ್ನೂ ನೋವಿನ ಸಂಗತಿ.

2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ಒಂದು ಲೈವ್‌ನಲ್ಲಿ, ತಮ್ಮನ್ನು ಟೀಕಿಸುವವರ ಬಗ್ಗೆ ಹೇಳುತ್ತಾ, ದಲಿತರ ಕೇರಿಯನ್ನು ಹೀಗಳೆಯುವ ಒಂದು ಗಾದೆ ಬಳಸಿದರು. ದೂರು ದಾಖಲಾಯಿತು, ವಿಡಿಯೊ ಅಳಿಸಿ ಅವರು ಕ್ಷಮೆ ಕೇಳಿದರು, ಹೈಕೋರ್ಟ್ ಎಫ್‌ಐಆರ್‌ಗೆ ತಡೆ ಕೊಟ್ಟಿತು. ಕಾನೂನಿನ ವಿಚಾರ ಬಿಡಿ. ಆ ಗಾದೆ ನಾಲಗೆಯ ತುದಿಯಲ್ಲಿ ಸಲೀಸಾಗಿ ಕೂತಿತ್ತಲ್ಲಾ, ನಾನು ಯೋಚಿಸುವುದು ಅದರ ಬಗ್ಗೆ. ಟೀಕಾಕಾರರಿಗೆ ಉತ್ತರ ಕೊಡೋಕೆ ಹೊರಟ ಮಾತು, ಆ ಚರ್ಚೆಗೆ ಯಾವ ಸಂಬಂಧವೂ ಇಲ್ಲದ ಜನರ ತಲೆ ಮೇಲೆ ಬಿತ್ತು. ನಮ್ಮ ಬೈಗುಳಗಳ ದಾರಿಯೇ ಅದು. ಗುರಿ ಯಾವುದೋ ರಾಜಕಾರಣಿ, ಗಾಯ ಮಾತ್ರ ಹೆಣ್ಣಿಗೆ, ದಲಿತರಿಗೆ, ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ.

ಇದರ ಪರಿಣಾಮವನ್ನು ನಾನು ಒಂದು ಗ್ರಾಮಸಭೆಯಲ್ಲಿ ಕಣ್ಣಾರೆ ನೋಡಿದ್ದೇನೆ. ನಲ್ಲಿ ಹಾಕಿ ವರ್ಷವಾದರೂ ನೀರು ಬಂದಿಲ್ಲ, ಬಿಲ್ ಪಾಸಾಗಿದೆಯಂತೆ, ಹೇಗೆ ಅಂತ ಹೆಣ್ಣುಮಗಳೊಬ್ಬಳು ಕೇಳಿದಳು. ಹಿಂದಿನ ಸಾಲಿನಿಂದ ಒಬ್ಬ ಅವಳ ಗಂಡನ ಹೆಸರೆತ್ತಿ, ಮನೆಯಲ್ಲಿ ಕೇಳೋರು ಇಲ್ವಾ ಅಂದ. ನಾಲ್ಕು ಜನ ನಕ್ಕರು. ಯಾರೋ ಅವಳ ಪರ ಕೂಗಿದರು, ಇವರೂ ಕೂಗಿದರು, ಹತ್ತು ನಿಮಿಷ ಜಗಳ. ಆಮೇಲೆ ಸಭೆ ಮುಂದಿನ ವಿಷಯಕ್ಕೆ ಹೋಯಿತು. ಬಿಲ್ಲಿನ ಕಡತ ತೆರೆಯಲೇ ಇಲ್ಲ. ಆ ಮಾತಾಡಿದವನಿಗೆ ಬಿಲ್ಲಿಗೂ ತನಗೂ ಸಂಬಂಧ ಇರಲಿಲ್ಲವೇನೋ, ಆದರೆ ಸಂಬಂಧ ಇದ್ದವರಿಗೆ ಅವನು ಪುಕ್ಕಟೆ ಸೇವೆ ಮಾಡಿದ್ದ. ಅವಳು ಮತ್ತೊಂದು ಸಭೆಗೆ ಬರುತ್ತಾಳಾ? ಬಂದರೂ ಬಾಯಿ ತೆಗೀತಾಳಾ? ಅಸಭ್ಯತೆ ಯಾರನ್ನು ಚರ್ಚೆಯಿಂದ ಓಡಿಸುತ್ತೆ ಅನ್ನುವುದನ್ನು ನೋಡಿ. ದಪ್ಪ ಚರ್ಮದವರು ಉಳೀತಾರೆ, ಮಾತಾಡಲೇಬೇಕಾದವರು ಮನೆ ಸೇರ್ತಾರೆ.

ಮಾತು ಕೆಡುವುದು ಮಾತಿನಲ್ಲೇ ನಿಲ್ಲೋದಿಲ್ಲ ಅನ್ನುವುದು ಕರ್ನಾಟಕಕ್ಕೆ ಚೆನ್ನಾಗಿ ಗೊತ್ತಿರಬೇಕು. 2014ರ ಆಗಸ್ಟ್‌ನಲ್ಲಿ ಯು.ಆರ್. ಅನಂತಮೂರ್ತಿ ತೀರಿಕೊಂಡಾಗ ಕೆಲವು ಕಡೆ ಪಟಾಕಿ ಸಿಡಿಸಿದರು. ಮರುವರ್ಷ ಆಗಸ್ಟ್ 30ಕ್ಕೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರ ಮನೆಯ ಬಾಗಿಲಲ್ಲೇ ಗುಂಡು. 2017ರ ಸೆಪ್ಟೆಂಬರ್ 5ಕ್ಕೆ ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಪಟಾಕಿಯೇ ಗುಂಡಾಯಿತು ಅಂತ ನಾನು ಹೇಳುತ್ತಿಲ್ಲ. ಅಪರಾಧ ಮಾಡಿದವರು ಬೇರೆ, ಅದರ ಹೊಣೆಯೂ ಅವರದ್ದೇ. ಆದರೆ ಭಿನ್ನಾಭಿಪ್ರಾಯ ಇದ್ದವನ ಸಾವಿಗೆ ಸಂಭ್ರಮಿಸಬಹುದು ಅಂತ ಒಪ್ಪಿಕೊಂಡ ಸಮಾಜದಲ್ಲಿ, ಮುಂದಿನ ಕೊಲೆಗೆ ಆಗಬೇಕಾದ ಆಘಾತ ಆಗೋದಿಲ್ಲ.

ಇದು ಯಾಕೆ ಲಾಭದ ವ್ಯಾಪಾರ ಆಯ್ತು?

ಜನಪ್ರತಿನಿಧಿಗಳೆಲ್ಲಾ ಇದ್ದಕ್ಕಿದ್ದ ಹಾಗೆ ಕೆಟ್ಟವರಾದರು ಅಂತ ನಾನು ನಂಬೋದಿಲ್ಲ. ವ್ಯವಸ್ಥೆಯೇ ಅಸಭ್ಯತೆಗೆ ಬಹುಮಾನ ಕೊಡ್ತಿದೆ. 1985ರಲ್ಲಿ ಪಕ್ಷಾಂತರ ನಿಷೇಧಕ್ಕೆ ಸಂವಿಧಾನದ ಹತ್ತನೇ ಶೆಡ್ಯೂಲ್ ಬಂತು. ಪಕ್ಷ ವಿಪ್ ಕೊಟ್ಟರೆ ಶಾಸಕ ಅದಕ್ಕೆ ಬದ್ಧ. ಅಂದರೆ ಸದನದಲ್ಲಿ ನೀವು ಎಷ್ಟೇ ಚೆನ್ನಾಗಿ ವಾದ ಮಂಡಿಸಿ, ಎದುರಿನ ಒಂದು ಮತವೂ ಕದಲೋದಿಲ್ಲ. ಮನವೊಲಿಸುವ ಸಾಧ್ಯತೆಯೇ ಇಲ್ಲದ ಕಡೆ ಮಾತು ಯಾರಿಗಾಗಿ? ಕ್ಯಾಮೆರಾಗಾಗಿ. ಎದುರಿಗೆ ಕೂತ ಸದಸ್ಯನ ಬದಲು ಮೂವತ್ತು ಸೆಕೆಂಡಿನ ರೀಲ್ಸ್ ನೋಡುವ ಕ್ಷೇತ್ರದ ಬೆಂಬಲಿಗನಿಗಾಗಿ.

ಮಾತಾಡಲು ಸಮಯವೂ ಕಡಿಮೆ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕು ಅಂತ 2005ರಲ್ಲಿ ಕರ್ನಾಟಕ ತಾನೇ ಕಾನೂನು ಮಾಡಿಕೊಂಡಿತು. ಆ ಸಂಖ್ಯೆ ಮುಟ್ಟಿದ ವರ್ಷಗಳು ಅಪರೂಪ. ಅಷ್ಟು ಕಡಿಮೆ ದಿನದಲ್ಲಿ ಎದ್ದು ಕಾಣಬೇಕು ಅಂದರೆ ಅಂಕಿಅಂಶ ಹಿಡಿದು ಅರ್ಧ ಗಂಟೆ ಮಾತಾಡುವುದಕ್ಕಿಂತ ಕಾಗದ ಹರಿಯುವುದೇ ಸುಲಭ. ಹರಿದವನ ಮುಖ ರಾತ್ರಿ ಎಲ್ಲಾ ಚಾನೆಲ್‌ನಲ್ಲಿ ಬರುತ್ತೆ. ಓದಿಕೊಂಡು ಬಂದವನ ಮುಖವನ್ನು ಯಾರು ತೋರಿಸ್ತಾರೆ?

ಹಾಗಾಗಿ ಬರೀ ನೀತಿಪಾಠದಿಂದ ಇದು ಸರಿಹೋಗಲ್ಲ. ವಿಶ್ವಾಸಮತ, ಬಜೆಟ್‌ನಂಥ ಸರ್ಕಾರ ಉಳಿಯುವ ಅಳಿಯುವ ವಿಷಯ ಬಿಟ್ಟು ಉಳಿದ ಮಸೂದೆಗಳಲ್ಲಿ ಶಾಸಕನಿಗೆ ಸ್ವತಂತ್ರವಾಗಿ ಮತ ಹಾಕುವ ಅವಕಾಶ ಇರಬೇಕು. 60 ದಿನ ಕಡ್ಡಾಯ ಆಗಬೇಕು. ಗದ್ದಲದಲ್ಲಿ ಮಸೂದೆ ಪಾಸು ಮಾಡುವ ಅಭ್ಯಾಸ ನಿಲ್ಲಬೇಕು. ಸದನ ಶಾಂತವಾಗುವವರೆಗೆ ಮಸೂದೆ ಮತಕ್ಕೆ ಹೋಗೋದಿಲ್ಲ ಅನ್ನುವ ನಿಯಮ ಬಂದರೆ, ಗದ್ದಲ ಎಬ್ಬಿಸುವವರಿಗೂ ಅದನ್ನು ಬಳಸಿಕೊಳ್ಳುವವರಿಗೂ ಒಟ್ಟಿಗೆ ಕಡಿವಾಣ ಬೀಳುತ್ತೆ. ವಿರೋಧ ಪಕ್ಷ ಅದನ್ನೇ ಹಿಡಿದು ಸದನವನ್ನು ಶಾಶ್ವತವಾಗಿ ನಿಲ್ಲಿಸಿಬಿಡಬಹುದು ಅನ್ನುವ ಅಪಾಯ ಇದೆ, ಒಪ್ಪುತ್ತೇನೆ. ಅದಕ್ಕೆ ದಿನಗಳ ಮಿತಿ ಹಾಕಬಹುದು. ಒಂದೇ ಮಧ್ಯಾಹ್ನ ಸಂಬಳ ದುಪ್ಪಟ್ಟಾಗುವುದಕ್ಕಿಂತ ಅದು ವಾಸಿ.

ನಮ್ಮ ಪಾಲಿನ ಕೆಲಸವೂ ಇದೆ. ರೀಲ್ಸ್ ನೋಡುವವರು ನಾವು, ಹಂಚುವವರು ನಾವು. ಇನ್ನು ಮುಂದೆ ಸದನದ ಜಗಳದ ಕ್ಲಿಪ್ ಬಂದಾಗ ಹಂಚುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಈ ಹೊತ್ತಿನಲ್ಲಿ ಅಲ್ಲಿ ಯಾವ ಮಸೂದೆ ಇತ್ತು? ಅದನ್ನು ಹುಡುಕಿ, ಕ್ಲಿಪ್ಪಿನ ಜೊತೆ ಅದನ್ನೂ ಬರೆಯೋಣ. ನಮ್ಮ ಕಡೆಯವರೇ ಎದುರಾಳಿಯ ಹೆಂಡತಿ, ಮಗಳು, ಜಾತಿ, ಮೈಬಣ್ಣ ಎಳೆದು ತಂದಾಗ, ಎದುರಾಳಿಗಿಂತ ಮೊದಲು ನಾವೇ ಬೇಡ ಅನ್ನೋಣ. ಆ ಕ್ಷಣಕ್ಕೆ ನಮ್ಮ ಗುಂಪಿನಲ್ಲೇ ನಾವು ಬೇಡವಾದವರು ಆಗಬಹುದು. ಪರವಾಗಿಲ್ಲ. ಎದುರಿನವನ ತಪ್ಪು ತೋರಿಸೋಕೆ ಧೈರ್ಯ ಬೇಕಿಲ್ಲ, ಪಕ್ಕದವನಿಗೆ ಹೇಳೋಕೆ ಬೇಕು.

ಯಾರ ಮೇಲಾದರೂ ನಿಮಗೆ ಸಿಟ್ಟಿದ್ದರೆ, ಅದು ನ್ಯಾಯವಾದ ಸಿಟ್ಟಾಗಿದ್ದರೆ, ಅದನ್ನು ಬೈಗುಳದಲ್ಲಿ ಖರ್ಚು ಮಾಡಬೇಡಿ. ಬೈಗುಳಕ್ಕೆ ಬೈಗುಳದಲ್ಲೇ ಉತ್ತರ ಕೊಟ್ಟು ಅವರು ಪಾರಾಗ್ತಾರೆ. ದಾಖಲೆ ಹಿಡಿದು ಕೇಳಿದ ಪ್ರಶ್ನೆಗೆ, ಅದನ್ನೇ ನಾಳೆಯೂ ನಾಡಿದ್ದೂ ಬಂದು ಮತ್ತೆ ಕೇಳುವವರಿಗೆ, ಅಷ್ಟು ಸುಲಭವಾಗಿ ಬೆನ್ನು ತೋರಿಸೋಕಾಗಲ್ಲ. ಆ ಹನಿಟ್ರ್ಯಾಪ್ ಪ್ರಶ್ನೆಯಿಂದಲೇ ಶುರು ಮಾಡಬಹುದು.